ಯಾರ ಪೈಕಿ ಅಂತ ಹೇಳದ ಹುಡುಗಿ

ಫೋನಿನ ಮೂಲಕ ಮಕ್ಕಳಿಗೆ ಕೇಡು ಮಾಡುವವರು ಎಲ್ಲೋ ಪರದೇಶದಲ್ಲಿ ಕೂತಿರುತ್ತಾರೆ ಅಂತ ನೀವು ನಂಬಿದ್ದರೆ, ಈ ವಾಯ್ಸ್ ನೋಟನ್ನು ಪೂರ್ತಿ ಕೇಳಿ. ನಮ್ಮ ಮನೆಯಲ್ಲೇ ಅಂಥವರು ಮೂವರಿದ್ದಾರೆ.

ಮೊದಲನೆಯವನು ನಮ್ಮಣ್ಣ ಶರಣು. ಏಳು ವರ್ಷದ ಮಗಳ ಮುಂದಿನ ಹಲ್ಲು ಬಿದ್ದರೆ ಅದರ ಫೋಟೊವನ್ನು ಹನ್ನೊಂದು ಗುಂಪಿಗೆ ಕಳಿಸುವ ಮಹಾನುಭಾವ. (ಮೆಕ್ಕೆಜೋಳದ ರೇಟು ನೋಡುವ ಗುಂಪಿಗೂ ಹಲ್ಲು ಹೋಗಿತ್ತು. ಯಾರೋ 'ಕ್ವಿಂಟಾಲ್‌ಗೆ ಎಷ್ಟು' ಅಂತ ಕೇಳಿದರು.) ಎರಡನೆಯವಳು ಅವ್ವ ತಿಪ್ಪಮ್ಮ. ವಿಡಿಯೊ ಕಾಲ್ ಬಂದರೆ ಫೋನನ್ನು ಕಿವಿಗೆ ಒತ್ತಿಕೊಂಡು ಜಗತ್ತಿಗೆಲ್ಲ ತನ್ನ ಬೆಂಡೋಲೆಯ ದರ್ಶನ ಮಾಡಿಸುತ್ತಾಳೆ. ಮೂರನೆಯವಳು ಅತ್ತಿಗೆ ಸುಧಾ. ಬಟನ್ ಫೋನು. ಅದು ಬಡಿದುಕೊಂಡರೆ ನಿಲ್ಲುವವರೆಗೂ ನೋಡುತ್ತ ಕೂತು, "ಬೇಕಾದೋರು ಮನೆಗೇ ಬರ್ತಾರೆ ಬಿಡು" ಅನ್ನುತ್ತಾಳೆ. ಪಿಯುಸಿ ಓದಿದವಳು ಹೀಗೆ. ಇಂಥ ಅಜ್ಞಾನ ಸಾಗರದ ನಡುವೆ ಜ್ಞಾನದೀಪವಾಗಿ ನಾನು, ಅನ್ನಪೂರ್ಣ, ಬಿ.ಎ.

ನನಗೆ ತುರ್ತಾಗಿ ಒಂದು ಕೆಲಸ ಬೇಕಿತ್ತು. ಚೆನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಫೋನಿನ ಜಾಗ್ರತೆ ಹೇಳಿಕೊಡಲು ಒಂದು ಸಂಸ್ಥೆಗೆ ಒಬ್ಬರು ಬೇಕಾಗಿದ್ದರು. ಭಾನುವಾರ ಆ ಸಂಸ್ಥೆಯ ಲಕ್ಷ್ಮಿದೇವಿ ಮೇಡಂ ಮನೆಗೇ ಬಂದು ನೋಡುತ್ತಾರಂತೆ. ಸಿಕ್ಕರೆ ಸ್ಕೂಟಿ ಹತ್ತಿ ಊರೂರು ಸುತ್ತಬಹುದು. ಸಿಗದಿದ್ದರೆ ಅಣ್ಣನ ಝೆರಾಕ್ಸ್ ಅಂಗಡಿಯಲ್ಲಿ ಕಂಡವರ ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸುತ್ತ ಆಯುಷ್ಯ ಸವೆಸಬೇಕು.

ಅದಕ್ಕೇ ಅಣ್ಣನ ಮಗಳು ದುರ್ಗಾಂಬಿಕಾಳನ್ನು ಹಿಡಿದು ಒಂದು ತಿಂಗಳು ಅರೆದೆ. ಹೆಸರು ಹೇಳಬಾರದು. ಅಪ್ಪನ ಹೆಸರು, ಶಾಲೆ, ಮನೆ, ಯಾವುದೂ ಹೇಳಬಾರದು. ಯಾರು ಏನೇ ಕೇಳಿದರೂ ಒಂದೇ ಉತ್ತರ: 'ಅದು ವೈಯಕ್ತಿಕ ಮಾಹಿತಿ.' ಫೋನಿನಲ್ಲಾದರೂ ಅಷ್ಟೇ, ಬೀದಿಯಲ್ಲಾದರೂ ಅಷ್ಟೇ.

ಬೀದಿಯನ್ನು ಸೇರಿಸಿದ್ದೇ ಎಡವಟ್ಟು. ನಮ್ಮ ಕಡೆ ಮಗು ಕಂಡರೆ ಯಾರೂ ಮೊದಲು ಹೆಸರು ಕೇಳುವುದಿಲ್ಲ, ಯಾರ ಪೈಕಿ ಅಂತ ಕೇಳುತ್ತಾರೆ. ಅವ್ವನ ತಮ್ಮ ಮಲ್ಲೇಶಪ್ಪ ಮಾವ ಮೂರು ವರ್ಷದ ಮೇಲೆ, ನಾವು ಓಣಿಯಲ್ಲೇ ಬೇರೆ ಮನೆಗೆ ಬಂದ ನಂತರ ಮೊದಲ ಸಲ, ಕೆರೆಬಿಳಚಿಯಿಂದ ಬಸ್ಸಿಳಿದು ನಮ್ಮ ಓಣಿಗೆ ಬಂದರೆ, ಎದುರಿಗೆ ಸಿಕ್ಕವಳು ದುರ್ಗಿ.

"ಯಾರ ಮಗಳವ್ವ ನೀನು?"

"ಅದು ವೈಯಕ್ತಿಕ ಮಾಹಿತಿ."

"ಆ ಪೈಕಿಯೋರು ಈ ಓಣಿಯಾಗೆ ಇರಲಿಲ್ವಲ್ಲ. ತಿಪ್ಪಮ್ಮಾರ ಮನೆ ಈಗ ಎಲ್ಲೈತೆ?"

"ಹೇಳಾಕೆ ಬರಲ್ಲ. ನೀವು ಅಪರಿಚಿತರು."

ಅಷ್ಟು ಹೇಳಿ ಅವಳು ಓಡಿದ್ದು ಅವ್ವನ ದನಿ ಕೇಳುತ್ತಿದ್ದ ನಮ್ಮ ಬಾಗಿಲಿಗೇ. ಅಕ್ಕನ ಮನೆಯವರೇ ಮಗುವಿಗೆ ಹೀಗೆ ಹೇಳಿಕೊಟ್ಟಿದ್ದಾರೆ ಅಂತ ಮನಸ್ಸು ಮುರಿದ ಮಾವ, ತಂದಿದ್ದ ಎಲೆಅಡಿಕೆ ಸಮೇತ ಅದೇ ಬಸ್ಸಿಗೆ ಹತ್ತಿ ವಾಪಸಾದರು. ಹಾಗಂತ ಬಸ್ಸಿನಿಂದಲೇ ಫೋನ್ ಮಾಡಿದರು.

"ನಿನ್ನ ಜಾಗ್ರತೆಗೆ ಬೆಂಕಿ ಹಾಕ" ಎಂದಳು ಅವ್ವ. "ನನ್ನ ಬೆನ್ನಿಗೆ ಬಿದ್ದ ತಮ್ಮ ಬಾಗಿಲತಂಕ ಬಂದು ತಿರುಗಿ ಹೋದ್ನಲ್ಲೇ."

"ಅವಳಿಗೆ ಅವರು ಅಪರಿಚಿತರೇ ಅಲ್ವೇನವ್ವ?"

"ನಿನ್ನ ಫೋನಿನಾಗೆ ಮೂರು ಸಾವಿರ ಜನ ಅದಾರಂತಲ್ಲ, ಅವ್ರೆಲ್ಲ ನಿನಗೆ ಸೋದರಮಾವಂದಿರೇನು?"

"ಮಗು ಹೇಳಿದ್ರಾಗೆ ತಪ್ಪೇನೈತೆ ಅತ್ತೆ" ಎಂದು ಸುಧಾ ನಡುವೆ ಬಂದಳು. (ಬಟನ್ ಫೋನಿನವಳ ಬೆಂಬಲ ನನಗೆ ಯಾಕೆ.)

ಭಾನುವಾರ ಬಂತು. ಶಾಲೆ ಇಲ್ಲದಿದ್ದರೂ ಬೆಳಿಗ್ಗೆ ಎಂಟಕ್ಕೇ ದುರ್ಗಿಗೆ ಯೂನಿಫಾರಂ ಹಾಕಿಸಿ, ಎರಡು ಜಡೆ ಹೆಣೆದು, ಬಾಗಿಲಲ್ಲಿ ನಿಲ್ಲಿಸಿ ಕಣ್ತುಂಬ ನೋಡಿದೆ. ಹನ್ನೊಂದಕ್ಕೆ ಮೇಡಂ ಓಣಿಗೆ ಬಂದು ಅವಳನ್ನೇ ಮಾತಾಡಿಸಿದರು. ನಾನು ಕಿಟಕಿಯಲ್ಲಿ ಕಿವಿ ಇಟ್ಟೆ.

"ಅನ್ನಪೂರ್ಣ ಅವ್ರ ಮನೆ ಯಾವುದು ಪುಟ್ಟಾ?"

"ಅದು ವೈಯಕ್ತಿಕ ಮಾಹಿತಿ."

"ಹೌದಾ. ಚಾಕೊಲೇಟ್ ತಗೋತೀಯಾ?"

ದುರ್ಗಿ ಮೂರು ಹೆಜ್ಜೆ ಹಿಂದೆ ಸರಿದಳು. ಮೇಡಂ ನಕ್ಕು, ತಮ್ಮ ಫೋನು ನೋಡಿಕೊಂಡು, ಸೀದಾ ನಮ್ಮ ಬಾಗಿಲಿಗೆ ಬಂದರು. ಕೆಲಸ ಸಿಕ್ಕಂತೆಯೇ ಅಂದುಕೊಂಡೆ. ದುರ್ಗಿಯೂ ಒಳಗೆ ಓಡಿಬಂದಳು.

"ನಾಲ್ಕು ತಾಲ್ಲೂಕು ತಿರುಗಿದೀನಿ, ಹಿಂಗೆ ಬಾಯಿ ಬಿಗಿಹಿಡಿದ ಮಗು ನೋಡಿಲ್ಲ" ಎಂದರು ಮೇಡಂ. "ಯಾರು ಕಲಿಸಿದ್ರು ನಿನಗೆ?"

"ಹೇಳಲ್ಲ."

"ಹೇಳೇ, ನಾನೇ ಅಂತ ಹೇಳೇ" ಎಂದೆ.

"ಒತ್ತಾಯ ಮಾಡಿದ್ರಂತೂ ಹೇಳಂಗೇ ಇಲ್ಲ" ಎಂದು ಅವಳು ಸುಧಾಳ ಸೆರಗಿನ ಹಿಂದೆ ಸೇರಿಕೊಂಡಳು. ಮೇಡಂ ಸುಧಾಳನ್ನು ನೋಡಿ ಏನೋ ಬರೆದುಕೊಂಡರು. ನನಗೆ ದಿಗಿಲಾಯಿತು.

"ಅವಳು ಅಷ್ಟು ಗಟ್ಟಿಗಿತ್ತಿ ಮೇಡಂ. ಅಂದಹಾಗೆ, ಮನೆ ಹೆಂಗೆ ಸಿಕ್ತು ನಿಮಗೆ?"

"ನೀವೇ ತೋರಿಸಿದ್ರಲ್ಲ" ಎಂದು ಅವರು ಫೋನು ಮುಂದೆ ಹಿಡಿದರು.

ನನ್ನದೇ ಪೇಜು. ಬೆಳಿಗ್ಗೆ ಎಂಟೂಕಾಲರ ಫೋಟೊ. ದುರ್ಗಿಯ ಎದೆಯ ಮೇಲೆ ಶಾಲೆಯ ಬ್ಯಾಡ್ಜು, ತಲೆಯ ಮೇಲೆ ಮನೆ ನಂಬರು, ಕೆಳಗೆ ನಕ್ಷೆಯಲ್ಲಿ ನಮ್ಮ ಓಣಿಯ ಗುರುತು. 'ನಮ್ಮನೆ ಬಂಗಾರಿ, ಎರಡನೇ ಕ್ಲಾಸು. ಇವತ್ತು ಹನ್ನೊಂದಕ್ಕೆ ಮನೆಯಲ್ಲೇ ನನ್ನ ಇಂಟರ್‌ವ್ಯೂ, ಹಾರೈಸಿ.' ಆರುನೂರ ಹದಿನಾಲ್ಕು ಜನ ಹಾರೈಸಿದ್ದರು. ಅವರಲ್ಲಿ ನಾಲ್ವರ ಮುಖವನ್ನೂ ನಾನು ನೋಡಿರಲಿಲ್ಲ.

ಮೇಡಂ ಅದನ್ನು ಅವ್ವನಿಗೆ ಬಿಡಿಸಿ ಹೇಳಿದರು. ಅವ್ವ ನಿಧಾನವಾಗಿ ಅರ್ಥ ಮಾಡಿಕೊಂಡಳು.

"ಅಂದ್ರೆ, ನನ್ನ ತಮ್ಮನ್ನ ಓಣಿಯಿಂದ ಅಟ್ಟಿ, ಲೋಕಕ್ಕೆಲ್ಲ ಬಾಗಿಲು ತೆಗೆದು ಕೂತಾಳೆ ಅನ್ನಿ."

ಮೇಡಂ ಸುಧಾಳ ಕಡೆ ತಿರುಗಿದರು. "ಮಗುವಿನ ಒಂದಾದ್ರೂ ಫೋಟೊ ಎಲ್ಲಾದ್ರೂ ಹಾಕಿದೀರಾ?"

"ಇಲ್ರೀ. ನನ್ನ ಫೋನಿನಾಗೆ ಬಟನ್ ಬಿಟ್ರೆ ಏನೂ ಇಲ್ಲ."

"ಸಾಕು. ಉಳಿದದ್ದು ಕಲಿಸ್ತೀವಿ."

ಈಗ ಅತ್ತಿಗೆ ನಾಲ್ಕು ತಾಲ್ಲೂಕು ಸುತ್ತುತ್ತಾಳೆ, ನನ್ನ ಸ್ಕೂಟಿಯ ಮೇಲೆ. ನಾನು ಪ್ಲಾಸ್ಟಿಕ್ ಹೊದಿಸುತ್ತೇನೆ. ನನ್ನ ಫೋನು ದುರ್ಗಿಯ ಸುಪರ್ದಿಯಲ್ಲಿದೆ: ದಿನಕ್ಕೆ ಅರ್ಧ ಗಂಟೆ, ಅವಳು ಪಕ್ಕದಲ್ಲಿ ಕೂತಾಗ ಮಾತ್ರ. ಈ ವಾಯ್ಸ್ ನೋಟನ್ನೂ ಅವಳು ಎರಡು ಸಲ ಅಳಿಸಿಸಿದಳು. ನಮ್ಮ ಊರಿನ ಹೆಸರು ಹೇಳಕೂಡದಂತೆ. ದುರ್ಗಾಂಬಿಕಾ ಅನ್ನುವುದೂ ಅವಳ ನಿಜವಾದ ಹೆಸರಲ್ಲ, ಅವಳೇ ಆರಿಸಿ ಕೊಟ್ಟದ್ದು. ಹಾಗಾದರೆ ನನಗೂ ಒಂದು ಬೇರೆ ಹೆಸರು ಕೊಡೇ ಅಂದೆ.

"ನಿಂದು ಯಾಕೆ, ಬಿಡು ಅತ್ತೆ" ಎಂದಳು. "ಎಲ್ಲರಿಗೂ ಗೊತ್ತೈತೆ."