ಹಸಿ ಕಸ ತೋರಿಸಲು ಹೋಗಿ

ಕಸದ ಕೆಲಸದಲ್ಲಿದ್ದವನಿಗೆ ಮೂಗು ಮುಚ್ಚಿಕೊಳ್ಳುವುದು ಮೊದಲು ರೂಢಿಯಾಗುತ್ತದೆ, ಆಮೇಲೆ ನಗು ತಡೆದುಕೊಳ್ಳುವುದು. ನಾನು ಊರಿನ ಆರೋಗ್ಯ ನಿರೀಕ್ಷಕ. ಯಾವ ಊರು ಅಂತ ಕೇಳಬೇಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನದು ಅಂದುಕೊಳ್ಳಿ.

ಹಸಿ ಕಸ ಕಡಿಮೆ ಮಾಡಲು ಸರ್ಕಾರ ಅನುದಾನ ಕೊಡುತ್ತದೆ ಎಂದು ತಿಳಿದು ನಾವೂ ಅರ್ಜಿ ಹಾಕಿದೆವು. ಸಿಕ್ಕರೆ ಕಾಯಿಪಲ್ಲೆ ಮಾರುಕಟ್ಟೆಯ ಹಿಂದಿನ ಕೊಳೆತ ಗುಡ್ಡೆಯನ್ನು ಗೊಬ್ಬರ ಮಾಡುವ ಯಂತ್ರ ಬರುತ್ತಿತ್ತು. ಆ ಗುಡ್ಡೆಯ ಬೆನ್ನಿಗೇ ನನ್ನ ಮನೆ. "ಅದು ಹೋಗೂತನಕ ನಾ ಅಡಿಗಿಮನಿ ಕಿಡಕಿ ತೆಗಿಯೂದಿಲ್ಲ" ಎಂದು ಹೆಂಡತಿ ಹೇಳಿಬಿಟ್ಟಿದ್ದಳು. ಹಾಗಾಗಿ ಅನುದಾನ ಊರಿಗಿಂತ ನನಗೇ ಹೆಚ್ಚು ಬೇಕಾಗಿತ್ತು.

ಹಸಿರು ಬಕೆಟ್

ಮೊದಲು ಮನೆಮನೆಗೆ ಹಸಿ ಕಸಕ್ಕೆಂದು ಹಸಿರು ಬಕೆಟ್ ಹಂಚಿದೆವು. ಮರುದಿನ ಗಾಡಿಯ ಜೊತೆ ನಾನೇ ಹೋದೆ. ಒಬ್ಬ ಅಜ್ಜಿಯ ಬಕೆಟ್ ಖಾಲಿ.

"ಹಸಿ ಕಸ ಎಲ್ಲಿ ಆಯಿ?"

"ಮುಸುರಿಗೆ ಕಸ ಅಂತೀರೇನ್ರಿ? ಎಮ್ಮಿ ಕುಡದೈತಿ."

ಉಳಿದ ಅನ್ನ, ಸಿಪ್ಪೆ, ಅಕ್ಕಿ ತೊಳೆದ ನೀರು ಎಲ್ಲ ಆ ಬಕೆಟ್‌ನಲ್ಲೇ ಕಲೆತು ಎಮ್ಮೆಯ ಹೊಟ್ಟೆ ಸೇರಿತ್ತು. ಭೇಷ್ ಎಂದು ಹೊರಟೆ. ಅಜ್ಜಿ ಹಿಂದಿನಿಂದ ಕೂಗಿದಳು: "ಬಕೀಟ ಎಮ್ಮಿಗೆ ಭಾಳ ಹಿಡಿಸೇತ್ರಿ. ಅದರ ಕರಕ್ಕೂ ಒಂದು ಕೊಟ್ಟು ಹೋಗ್ರಿ."

ಕೈ ಮೇಲಿನ ಹೋಳಿಗೆ

ಅರ್ಜಿಗೆ ಜನಜಾಗೃತಿಯ ಫೋಟೊ ಬೇಕಿತ್ತು. ಊರಿನ ಕಲ್ಯಾಣ ಮಂಟಪದಲ್ಲಿ ಮದುವೆ. ಬೀಗರು ಬೆಲ್ಲದ ಬಾಗೇವಾಡಿಯವರು. ನಾನು ಮೈಕ್ ಹಿಡಿದು, "ಬೇಕಾದಷ್ಟೇ ಹಾಕಿಸಿಕೊಳ್ರಿ, ಅನ್ನ ಕೆಡಿಸಬ್ಯಾಡ್ರಿ" ಎಂದು ಭಾಷಣ ಬಿಗಿದು ಊಟಕ್ಕೆ ಕೂತೆ.

ನಮ್ಮ ಕಡೆ ಒತ್ತಾಯ ಮಾಡದೆ ಬಡಿಸಿದರೆ ಅದು ಊಟವಲ್ಲ, ಅವಮಾನ. ಹುಡುಗಿಯ ಅಪ್ಪ ಹೋಳಿಗೆ ಹಿಡಿದು ಬಂದು ನಿಂತ. ಸಾಕು ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಪುಣ್ಯಾತ್ಮ ಕೈ ಮೇಲೆಯೇ ಹೋಳಿಗೆ ಇಟ್ಟು, ಅದರ ಮೇಲೆ ತುಪ್ಪ ಸುರಿದ.

"ಹೊಟ್ಟಿ ತುಂಬೇತ್ರಿ ಯಜಮಾನ್ರ, ಇದೆಲ್ಲಾ ದಂಡ ಆಗತೈತಿ."

"ಅನ್ನ ಕೆಡಿಸಬ್ಯಾಡ್ರಿ ಅಂದಾವ್ರು ನೀವ ಅಲ್ರಿ? ಉಣ್ರಿ."

ಸಾಹೇಬರು ಬರುವ ದಿನ

ಕೊನೆಗೆ ನಮ್ಮ ಗುಡ್ಡೆಯನ್ನು ಕಣ್ಣಾರೆ ನೋಡಿ ಅನುದಾನ ತೀರ್ಮಾನಿಸಲು ಬೆಂಗಳೂರಿನಿಂದ ಅಧಿಕಾರಿ ಬರುವುದೆಂದಾಯಿತು. ಗುಡಿಸುವವರ ಮುಕಾದಮನಿಗೆ ನಾನು ಹೇಳಿದ್ದು ಇಷ್ಟೇ: "ನಾಳಿ ದೊಡ್ಡ ಸಾಹೇಬ್ರು ಮಾರ್ಕೆಟ್ ನೋಡಾಕ ಬರ್ತಾರ."

ಸಾಹೇಬರು ಬರುತ್ತಾರೆಂದರೆ ನಮ್ಮಲ್ಲಿ ಮಾಡುವುದು ಒಂದೇ. ಬೆಳಿಗ್ಗೆ ಹೋಗಿ ನೋಡುತ್ತೇನೆ, ಗುಡ್ಡೆಯೇ ಇಲ್ಲ. ನಸುಕಿನಲ್ಲೇ ಟ್ರ್ಯಾಕ್ಟರಿಗೆ ತುಂಬಿ ಹೊಲಗಳಿಗೆ ಸಾಗಿಸಿದ್ದರು. ಆ ಜಾಗದಲ್ಲಿ ನೀರು ಹೊಡೆದು, ಸುಣ್ಣದ ಗೆರೆ ಎಳೆದು, ರಂಗೋಲಿ ಹಾಕಿದ್ದರು. "ಒಂದು ಕೊತ್ತಂಬರಿ ಎಲಿ ಸೈತ ಸಿಗೂದಿಲ್ರಿ" ಎಂದ ಮುಕಾದಮ ಎದೆಯುಬ್ಬಿಸಿ. ನನಗೆ ಅಳುವೇ ಬಂತು.

ಅಷ್ಟರಲ್ಲಿ ಜೀಪು ಬಂತು. ಇಳಿದವರು ಒಬ್ಬ ಮೇಡಂ. ರಂಗೋಲಿ ದಾಟಿ ನಿಂತು, "ಕಸ ಎಲ್ಲಿ?" ಎಂದರು.

"ಮೇಡಂ, ಇವತ್ತೊಂದು ದಿನ ಹಿಂಗೈತ್ರಿ. ಖರೆ ಹೇಳ್ತೀನಿ, ನಮ್ಮೂರು ಭಾಳ ಹೊಲಸು."

ಅವರು ನಂಬಲಿಲ್ಲ. ಪಕ್ಕದಲ್ಲಿ ಕಾಯಿಪಲ್ಲೆ ಮಾರುವ ಕಾಕೂ ಕೂತಿದ್ದಳು. ಗುಡ್ಡೆಯ ನಾತಕ್ಕೆ ದಿನಾ ಬೆಳಿಗ್ಗೆ ನನ್ನ ಏಳು ತಲೆಮಾರು ತೊಳೆಯುವವಳು. ಮೇಡಂ ಅವಳನ್ನೇ ಕೇಳಿದರು: "ಅಮ್ಮ, ಇಲ್ಲಿ ಕಸದ ತೊಂದರೆ ಇದೆಯಾ?" ನನಗೆ ಜೀವ ಬಂದಂತಾಯಿತು. ಬೈಯವ್ವ, ಇವತ್ತು ಮನಸಾರೆ ಬೈ ಎಂದು ಒಳಗೊಳಗೇ ಬೇಡಿಕೊಂಡೆ.

ಕಾಕೂ ತಲೆಯ ಮೇಲೆ ಸೆರಗು ಹೊದ್ದಳು. "ಇಲ್ರಿ ಅಕ್ಕಾರ. ಈ ಸಾಹೇಬ್ರು ಬಂದಮ್ಯಾಲ ಕಸ ಅನ್ನೂದು ಕಣ್ಣೀಲೆ ಕಂಡಿಲ್ಲ. ದೇವರಂಥಾ ಮನಷ್ಯಾ."

ಮೇಡಂ ನನ್ನ ಕೈ ಕುಲುಕಿ, ಯಂತ್ರವನ್ನು ಬೇರೆ ಊರಿಗೆ ಕೊಡುವುದಾಗಿ ಹೇಳಿ ಜೀಪು ಹತ್ತಿದರು.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. "ಯಾಕ ಹಿಂಗ ಮಾಡಿದಿ ಕಾಕೂ?"

"ಹೊರಗಿನವ್ರ ಮುಂದ ಮನಿ ಹುಳುಕ ಹೇಳ್ತಾರೇನ್ರಿ?" ಎಂದಳು ಕಾಕೂ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಈಗ ಹ್ವಾದ್ರಲ್ಲ, ನಿಂದರ್ರಿ. ಇವತ್ತಿನ ಬೈಗಳ ಇನ್ನಾ ಬಾಕಿ ಐತಿ."