ದೂರಪ್ಪನವರು ತುಕ್ಕು ತೆಗೆದದ್ದು

“ನಾಳೆ ಭಾನುವಾರ ಮುಗಿಯೋದರೊಳಗೆ ನನ್ನ ಕಾರಿನ ಮೈಮೇಲೆ ಸಾಸಿವೆ ಕಾಳಿನಷ್ಟು ತುಕ್ಕು ಉಳಿದಿದ್ರೆ ನನ್ನ ಹೆಸರು ಬದಲಾಯಿಸಿಬಿಡಿ!” ಎಂದು ದೂರಪ್ಪನವರು ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿಗೆ ಕುಕ್ಕಿ ಘೋಷಿಸಿದರು.

ಅವರ ಹೆಸರು ಎಂದೋ ಬದಲಾಗಿಹೋಗಿತ್ತು ಎಂಬುದನ್ನು ಅವರಿಗೆ ನೆನಪಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನಿನ ಮುಂದೆ ಕೂತು ಕೂತು, ಹೆತ್ತವರು ಇಟ್ಟ ಹೆಸರು ಮಾಸಿ, ಇಡೀ ಬೀದಿಗೆ ಅವರು ದೂರಪ್ಪ ಆಗಿದ್ದರು. ನಲ್ಲಿಯಲ್ಲಿ ನೀರು ಬಾರದವರು, ಬಂದದ್ದು ಕೆಸರಾದವರು, ಪಕ್ಕದ ಮನೆಗೆ ಹೆಚ್ಚು ಬಂತೆಂದು ಹೊಟ್ಟೆ ಉರಿದುಕೊಂಡವರು, ಎಲ್ಲರೂ ಬೆಳಗಿನಿಂದ ಸಂಜೆಯವರೆಗೆ ಅವರ ಕಿವಿಗೆ ಬೈಗುಳ ಸುರಿಯುತ್ತಿದ್ದರು. ತಿರುಗಿ ಬೈಯುವಂತಿಲ್ಲ. ಹಾಗೆ ನುಂಗಿದ ಸಿಟ್ಟನ್ನೆಲ್ಲ ಅವರು ಊಟದ ಡಬ್ಬಿಯ ಜೊತೆ ಜೋಪಾನವಾಗಿ ಮನೆಗೆ ತರುತ್ತಿದ್ದರು.

ಆದರೂ ಆ ಕುರ್ಚಿಯಲ್ಲಿ ಇಷ್ಟು ವರ್ಷ ಬದುಕುಳಿದರಲ್ಲ, ಅದಕ್ಕೆ ಅವರೇ ಕಂಡುಹಿಡಿದ ಒಂದು ಉಪಾಯವಿತ್ತು. “ನೀವು ಕಳಿಸಿದ ಜನ ಬಂದಿದ್ರು ಸಾರ್, ಪೈಪ್ ಸರಿಮಾಡಿದ್ರು, ಬಹಳ ಉಪಕಾರ ಆಯ್ತು, ಆದ್ರೆ...” ಎಂದು ಯಾರಾದರೂ ಶುರುಮಾಡಿದರೆ, ಆ ‘ಆದ್ರೆ’ ಬಾಯಿಂದ ಉದುರಿದ ಕೂಡಲೇ ಟಕ್ ಎಂದು ಫೋನ್ ಇಟ್ಟುಬಿಡುವುದು! ಮೊದಲ ಭಾಗದ ಹೊಗಳಿಕೆ ಅವರದು, ಉಳಿದದ್ದು ಗಾಳಿಗೆ. ವರ್ಷಾನುಗಟ್ಟಲೆ ಹೀಗೇ ಮಾಡಿ, ಕಚೇರಿಯ ಈ ಅಭ್ಯಾಸ ಮನೆಗೂ ಬಂದು ಕಾಲು ಚಾಚಿ ಕೂತಿತ್ತು.

ಇನ್ನು ಕಾರು. ಅದನ್ನು ಯಾರೋ ಗುಜರಿಗೆ ಹಾಕುವವರಿದ್ದಾಗ ಅವರು ಅಡ್ಡ ನಿಂತು, ತಾವೇ ಕೊಂಡು ತಂದಿದ್ದರು. ತಂದ ದಿನದಿಂದ ಅದು ಶೆಡ್ಡಿನಲ್ಲಿ ಇಟ್ಟಿಗೆಗಳ ಮೇಲೆ ಮಲಗಿತ್ತು. ಹೆಂಡತಿ ಅದಕ್ಕೆ ಕುಂಭಕರ್ಣ ಎಂದು ಹೆಸರಿಟ್ಟು, ಆಮೇಲೆ ತಾನೇ ಅದನ್ನು ಹಿಂತೆಗೆದುಕೊಂಡಿದ್ದಳು. “ಪಾಪ, ಅವನಾದ್ರೂ ವರ್ಷಕ್ಕೆರಡು ಸಲ ಏಳ್ತಿದ್ದ.”

ಹೆಂಡತಿ ಹೊಲಿಗೆಯವಳು. ಹಿಂದಿನ ಕೋಣೆಯಲ್ಲಿ ಅವಳ ಕಾಲು ಮಿಷನ್, ಇಸ್ತ್ರಿ ಪೆಟ್ಟಿಗೆ, ಕತ್ತರಿಗಳ ಸಂಸಾರ. ಬೀದಿಯವರ ಲಂಗ ರವಿಕೆಗಳನ್ನು ಹೊಲಿದೂ ಹೊಲಿದೂ, ಈಗ ಮೊದಲ ಬಾರಿಗೆ ಅವಳಿಗೆ ಶಾಲೆಯೊಂದರ ಬ್ಯಾಂಡ್ ತಂಡದ ಬಿಳಿ ಕೋಟುಗಳ ಕೆಲಸ ಸಿಕ್ಕಿತ್ತು. ಶುಕ್ರವಾರ ಕೊಡಬೇಕು. ಅದು ಚೆನ್ನಾಗಿ ಬಂದರೆ ಇಡೀ ಶಾಲೆಯ ಸಮವಸ್ತ್ರ ನಿಮಗೇ ಎಂದು ದೊಡ್ಡ ಟೀಚರ್ ಹೇಳಿದ್ದರು. ಅವಳು ಕೋಟುಗಳನ್ನು ಕತ್ತರಿಸಿ, ಮಡಿಸಿ, ಮಿಷನ್ ಪಕ್ಕ ಜೋಡಿಸಿ, ಬಾಣಂತಿ ಅಕ್ಕನನ್ನು ನೋಡಿ ಭಾನುವಾರ ಸಂಜೆ ಬರುತ್ತೇನೆಂದು ಹೊರಟಳು.

“ನನ್ನ ಕೋಣೆಗೆ ಮಾತ್ರ ಕಾಲಿಡಬೇಡಿ,” ಎಂದಳು ಬಾಗಿಲಲ್ಲಿ ನಿಂತು.

“ನಿನ್ನ ಕೋಣೇಲಿ ನನಗೇನು ಕೆಲಸ? ನಾನೇನು ಗುಂಡಿ ಹೊಲಿಯೋನಾ!” ಎಂದರು ದೂರಪ್ಪನವರು.

ಅವಳು ತಿರುವು ದಾಟುತ್ತಿದ್ದಂತೆ ಅವರು ಕಾರಿನ ಬಂಪರನ್ನು ಹಿಡಿದಿಡುವ ಎರಡು ಕಬ್ಬಿಣದ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಭಾವಮೈದುನನ ಅಂಗಡಿಗೆ ನಡೆದರು. ಹೆಂಡತಿಯ ತಮ್ಮನಿಗೆ ಗಾಡಿ ಬಿಡಿಭಾಗಗಳ ಅಂಗಡಿ. ಸದಾ ನಗುವ ಮುಖ. ಆ ನಗು ಕಂಡರೇ ದೂರಪ್ಪನವರಿಗೆ ಮೈ ಉರಿಯುತ್ತಿತ್ತು.

“ತುಕ್ಕು ತೆಗೆಯೋಕೆ ಇದೇ ಬೆಸ್ಟು ಭಾವ,” ಎಂದು ಅವನು ಅಂಗೈಯಷ್ಟು ಬಾಟಲಿಯೊಂದನ್ನು ಮುಂದಿಟ್ಟು ಬೆಲೆ ಹೇಳಿದ.

“ಏನೋ ಇದು! ತುಕ್ಕು ತೆಗೆಯೋ ನೀರೋ, ಮದುಮಗನಿಗೆ ಹಚ್ಚೋ ಅತ್ತರೋ?”

“ಒಳ್ಳೆ ಮಾಲು ಭಾವ. ಇದೂ ಆಸಿಡ್ಡೇ, ಆದ್ರೆ...”

ದೂರಪ್ಪನವರು ಆಗಲೇ ಬೀದಿಯಲ್ಲಿದ್ದರು. ಮನೆಯವನಿಗೇ ಟೋಪಿ ಹಾಕಲು ನೋಡುತ್ತಾನಲ್ಲ, ಎಂಥ ನೀಚ! ಆಸಿಡ್ ಅಂದಮೇಲೆ ಆಸಿಡ್. ಅದಕ್ಕೊಂದು ಪುಟ್ಟ ಬಾಟಲಿ, ಬಾಟಲಿಗೊಂದು ಹೊಳೆಯುವ ಚೀಟಿ, ಚೀಟಿಯಲ್ಲೊಂದು ಕಾರು! ಆ ಚೀಟಿಗೆ ನಾನೇಕೆ ದುಡ್ಡು ಕೊಡಲಿ?

ಮೊದಲು ದಿನಸಿ ಅಂಗಡಿಗೆ ಹೋದರು. “ವಿನೆಗರ್ ಒಳ್ಳೇದು ಸಾರ್. ನೆನೆಸಿಟ್ಟು ಕಾಯಬೇಕು,” ಎಂದ ಅಂಗಡಿಯವನು. ದೂರಪ್ಪನವರು ತಂದರು, ಬೋಗುಣಿಯಲ್ಲಿ ಹಿಡಿಯಷ್ಟು ನಟ್ಟು ಬೋಲ್ಟುಗಳನ್ನು ನೆನೆಸಿದರು, ಎದುರಿಗೆ ಕುರ್ಚಿ ಹಾಕಿ ಕೂತರು. ಕಾಯುವುದೆಂದರೆ ಅವರ ಪ್ರಕಾರ ಬೋಗುಣಿಯನ್ನು ದುರುಗುಟ್ಟಿಕೊಂಡು ನೋಡುವುದು. ಎಷ್ಟು ದುರುಗುಟ್ಟಿದರೂ ತುಕ್ಕು ಹೆದರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೋಗುಣಿಯನ್ನು ಒದ್ದು, ಕಾಲ್ಬೆರಳು ಹಿಡಿದುಕೊಂಡು, ಒಂಟಿಕಾಲಲ್ಲಿ ಅಂಗಳ ಸುತ್ತಿ ಬಂದರು. ಆಮೇಲೆ ಬಣ್ಣದಂಗಡಿಗೆ ಕುಂಟಿಕೊಂಡು ಹೋಗಿ, ಬಚ್ಚಲು ತೊಳೆಯುವ ಆಸಿಡ್ಡಿನ ದೊಡ್ಡ ಕ್ಯಾನೊಂದನ್ನು ಹೊತ್ತು ತಂದರು. ಭಾವಮೈದುನನ ಅಂಗೈ ಬಾಟಲಿಯ ಬೆಲೆಗೆ ಇಂಥ ಆಸಿಡ್ಡಿನಲ್ಲಿ ಕಾರನ್ನೇ ಮುಳುಗಿಸಬಹುದಿತ್ತು!

ಈ ವಿಜಯವನ್ನು ಶತ್ರುವಿಗೆ ತಿಳಿಸದಿದ್ದರೆ ನಿದ್ದೆ ಹೇಗೆ ಬಂದೀತು? ಫೋನ್ ತಿರುಗಿಸಿದರು.

“ಲೋ, ಬಚ್ಚಲು ತೊಳೆಯೋ ಆಸಿಡ್ಡಿಗೆ ತುಕ್ಕು ಹೋಗುತ್ತೋ ಇಲ್ವೋ? ಒಂದೇ ಮಾತಲ್ಲಿ ಹೇಳು.”

“ಹೋಗುತ್ತೆ ಭಾವ, ಚೆನ್ನಾಗೇ ಹೋಗುತ್ತೆ, ಆದ್ರೆ...”

ಟಕ್!

ಅಂಗಳದಲ್ಲಿ ಪ್ಲಾಸ್ಟಿಕ್ ಟಬ್ಬು ಇಟ್ಟು, ಉದ್ದ ಕೈಗವಸು ತೊಟ್ಟು, ಪಟ್ಟಿಗಳನ್ನೂ ಕಾರೆತ್ತುವ ಜಾಕನ್ನೂ ಆಸಿಡ್ಡಿನಲ್ಲಿ ಮುಳುಗಿಸಿದರು. ಬುಸ್ ಎಂದು ನೊರೆ ಎದ್ದಿತು! ಇದಪ್ಪಾ ಆಸಿಡ್ ಅಂದರೆ! ಆದರೆ ಅದರ ಹೊಗೆ ಗೋಡೆ ಹಾರಿ ಪಕ್ಕದ ಮನೆಗೆ ಹೋಯಿತು. ಅಲ್ಲಿದ್ದ ನಿವೃತ್ತ ನರ್ಸಮ್ಮ ಸೆರಗನ್ನು ಮೂಗಿಗೊತ್ತಿಕೊಂಡು ಪ್ರತ್ಯಕ್ಷರಾದರು.

“ಏನ್ರೀ ಅದು, ಉಸಿರು ಕಟ್ಟುತ್ತೆ! ಮನುಷ್ಯರು ಇರ್ಬೇಕೋ ಬೇಡ್ವೋ ಇಲ್ಲಿ?”

“ನನ್ನ ಅಂಗಳ, ನನ್ನ ಟಬ್ಬು!”

“ಹೊಗೆಯೂ ನಿಮ್ಮದೇ ತಾನೆ? ಹಾಗಾದ್ರೆ ನಿಮ್ಮನೆ ಒಳಗೇ ಇಟ್ಕೊಳ್ಳಿ!”

“ಇಟ್ಕೊಳ್ತೀನಿ! ಒಂದು ಎಳೆ ಹೊಗೆ ಹೊರಗೆ ಬಂದ್ರೆ ಕೇಳಿ!” ಎಂದು ಗುಡುಗಿದರು ದೂರಪ್ಪನವರು.

ಸಿಟ್ಟಿನಲ್ಲಿ ಟಬ್ಬನ್ನು ಎತ್ತಿದ್ದಾಯಿತು; ಇಡುವುದೆಲ್ಲಿ? ಅಡುಗೆ ಮನೆ ಬೇಡ, ಮಲಗುವ ಕೋಣೆ ಬೇಡ. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚುವ ಕೋಣೆಯೆಂದರೆ ಒಂದೇ. ಬಟ್ಟೆಗೆ ದೂಳು ಕೂರಬಾರದೆಂದು ಹೆಂಡತಿಯೇ ಹಟ ಹಿಡಿದು ಸಂದುಗಳಿಗೆಲ್ಲ ರಬ್ಬರ್ ಪಟ್ಟಿ ಹಾಕಿಸಿದ್ದ ಹಿಂದಿನ ಕೋಣೆ. ಅವಳ ಮಾತು ನೆನಪಾಗಲಿಲ್ಲವೆಂದಲ್ಲ. ಬಟ್ಟೆ ಮೇಲೆ ಹನಿ ಬೀಳದಿದ್ದರೆ ಸರಿ ತಾನೆ ಎಂದುಕೊಂಡರು. ಕೋಟುಗಳ ರಾಶಿಯನ್ನು ಜೋಪಾನವಾಗಿ ಎತ್ತಿ ಹಜಾರದ ಬೀರುವಿನಲ್ಲಿಟ್ಟು, ತಮ್ಮ ಮುಂದಾಲೋಚನೆಗೆ ತಾವೇ ತಲೆದೂಗಿದರು. ಟಬ್ಬನ್ನು ಮಿಷನ್ನಿನ ಬುಡದಲ್ಲಿಟ್ಟರು. ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ಹೊರಬಂದು ಬಾಗಿಲು ಎಳೆದು, ಕೆಳಗಿನ ಸಂದಿಗೆ ಹಳೆಯ ಕಂಬಳಿಯನ್ನೂ ತುರುಕಿದರು. ಭಾನುವಾರ ಪೂರ್ತಿ ನರ್ಸಮ್ಮನ ಕಡೆ ತಿರುಗಿ ಎದೆಯುಬ್ಬಿಸಿ ಓಡಾಡಿದರು. ಒಂದೆಳೆ ಹೊಗೆಯೂ ಹೊರಗೆ ಬರಲಿಲ್ಲ.

ಸಂಜೆ ಹೆಂಡತಿ ಬಂದಳು. ಕಂಬಳಿ ನೋಡಿದಳು. ಗಂಡನ ಮುಖ ನೋಡಿದಳು. ಬಾಗಿಲು ತೆರೆದಳು.

ಒಳಗಿನ ಹೊಗೆ ಇಬ್ಬರನ್ನೂ ಅಂಗಳದವರೆಗೆ ಅಟ್ಟಿಸಿಕೊಂಡು ಬಂತು. ಕಿಟಕಿಗಳನ್ನೆಲ್ಲ ಹೊರಗಿನಿಂದಲೇ ತಳ್ಳಿ, ಬಹಳ ಹೊತ್ತು ಕಾದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರಪ್ಪನವರು ಮೊದಲು ನುಗ್ಗಿದರು. ಕೈಗವಸು ಹಾಕಿ ಟಬ್ಬಿನಿಂದ ಒಂದು ಪಟ್ಟಿಯನ್ನೆತ್ತಿ ನೀರಲ್ಲಿ ತೊಳೆದು ತಂದರು. ಆಹಾ! ಬೆಳ್ಳಿ! ಅಪ್ಪಟ ಬೆಳ್ಳಿ!

“ನೋಡೇ ಇಲ್ಲಿ! ನಿನ್ನ ತಮ್ಮನ ಬಾಟಲಿ ಮುಖಕ್ಕೆ ಹೊಡೆದಹಾಗಿದೆ! ತುಕ್ಕು ಎಲ್ಲಿ ಹೋಯ್ತು ಹೇಳು ನೋಡೋಣ!”

“ಎಲ್ಲಿ ಹೋಯ್ತು ಅಂತ ನಾನು ತೋರಿಸ್ತೀನಿ, ಬನ್ನಿ,” ಎಂದಳು ಹೆಂಡತಿ. ದನಿ ತೀರಾ ತಣ್ಣಗಿತ್ತು.

ಕತ್ತರಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಸೂಜಿ ಡಬ್ಬಿ ತೆರೆದರೆ ಕೆಂಪು ಪುಡಿ. ಇಸ್ತ್ರಿ ಪೆಟ್ಟಿಗೆಯ ತಳ, ಕಿಟಕಿಯ ಸರಳು, ಬಾಗಿಲ ಚಿಲಕ, ಗೋಡೆಯ ಮೊಳೆ, ಹಳೆಯ ಟ್ರಂಕಿನ ಬೀಗ, ಕಬ್ಬಿಣವೆಂಬ ಹೆಸರು ಹೊತ್ತದ್ದೆಲ್ಲ ಒಂದೇ ಸಮವಸ್ತ್ರ ತೊಟ್ಟು ನಿಂತಿದ್ದವು! ಮಿಷನ್ ಮೇಲೆ ಮುಚ್ಚಿದ್ದ ಬಟ್ಟೆಯನ್ನು ಅವಳು ಸರಿಸಿದಳು. ಹೊಳೆಯುತ್ತಿದ್ದ ಚಕ್ರ ತೊಗಟೆ ಕಟ್ಟಿದಂತಿತ್ತು. ಬಲವಾಗಿ ತಿರುಗಿಸಿದಾಗ ಕಿರ್ ಎಂದು ಅರ್ಧ ಸುತ್ತು ತಿರುಗಿ ನಿಂತಿತು. ಅವಳು ಹಜಾರದ ಬೀರುವಿನಿಂದ ಕೋಟಿನ ಒಂದು ಬಿಳಿ ತೋಳು ತಂದು ಸೂಜಿಯ ಕೆಳಗಿಟ್ಟು ಕಷ್ಟಪಟ್ಟು ನಾಲ್ಕು ಹೊಲಿಗೆ ಹಾಕಿದಳು. ಬಿಳಿ ಬಟ್ಟೆಯ ಮೇಲೆ ಕಂದು ಚುಕ್ಕಿಗಳ ಸಾಲು ಮೂಡಿತು.

“ಒಂದು ಗಾಡಿಯ ತುಕ್ಕು ತೆಗೆದು ಇಡೀ ಮನೆಗೆ ಹಂಚಿದ್ದೀರಿ. ಒಳ್ಳೆ ದಾನಿ ನೀವು!”

“ಅದು... ಆ ನರ್ಸಮ್ಮ...”

“ಆಸಿಡ್ ಹೊಗೆ ಕಬ್ಬಿಣ ತಿನ್ನುತ್ತೆ, ಗಾಳಿ ಆಡೋ ಕಡೆ ಇಡಬೇಕು ಅಂತ ಯಾರೂ ಹೇಳ್ಲಿಲ್ವಾ ನಿಮಗೆ?”

“ಯಾರೂ ಹೇಳ್ಲಿಲ್ಲ! ನಿನ್ನ ತಮ್ಮನನ್ನೇ ಕೇಳು! ಅವನೂ ಹೇಳ್ಲಿಲ್ಲ!”

ಅವಳು ಅಲ್ಲೇ ತಮ್ಮನಿಗೆ ಫೋನ್ ಮಾಡಿದಳು. ತಮ್ಮ ಹೇಳಿದ್ದನ್ನು ಕೇಳುತ್ತಾ ಕೇಳುತ್ತಾ ಅವಳ ಮೂಗಿನ ಹೊಳ್ಳೆ ಅರಳಿತು. ಫೋನ್ ಇಟ್ಟು ಗಂಡನನ್ನು ನೋಡಿದಳು. “ಹೇಳೋಕೇ ಬಾಯಿ ತೆರೆದಿದ್ನಂತೆ. ಎರಡು ಸಲ. ‘ಆದ್ರೆ’ ಅನ್ನೋವರೆಗೂ ಇದ್ರಂತೆ ನೀವು.”

ದೂರಪ್ಪನವರು ಕೈಯಲ್ಲಿದ್ದ ಬೆಳ್ಳಿ ಪಟ್ಟಿಯನ್ನು ನೋಡಿದರು. ಜಗಳ ಮುಗಿಯುವಷ್ಟರಲ್ಲಿ ಅದಕ್ಕೂ ಅಲ್ಲಲ್ಲಿ ಹೊಸ ಕೆಂಪು ಹತ್ತಿತ್ತು. ಆ ರಾತ್ರಿ ಹೆಂಡತಿ ಆ ಚುಕ್ಕಿ ಬಿದ್ದ ತೋಳನ್ನು ಉಜ್ಜುತ್ತಾ ಕೂತಳು. ಬೈದಿದ್ದರೆ ಅವರಿಗೆ ಅಭ್ಯಾಸವಿತ್ತು. ಇದಕ್ಕೆ ಇರಲಿಲ್ಲ; ತಾವಾಗಿಯೇ ಎದ್ದು ಹೋಗಿ ಟಬ್ಬನ್ನು ಮತ್ತೆ ಅಂಗಳಕ್ಕೆ ಹೊತ್ತರು.

ಸೋಮವಾರ ಕಚೇರಿಯಲ್ಲಿ ಫೋನ್ ಬಡಿದುಕೊಂಡಿತು. ಪಕ್ಕದಲ್ಲೇ ಹೆಡ್ ಗುಮಾಸ್ತರು ನಿಂತಿದ್ದರು.

“ನಮಸ್ಕಾರ, ದೂರು ವಿಭಾಗ.”

“ನಮಸ್ಕಾರ. ನನ್ನದೊಂದು ದೂರಿದೆ,” ಎಂದಿತು ಚೆನ್ನಾಗಿ ಪರಿಚಯವಿದ್ದ ದನಿ. “ನಮ್ಮನೇಲಿ ಒಬ್ಬರಿದಾರೆ. ಒಳ್ಳೇವರೇ. ದುಡೀತಾರೆ, ಕೆಟ್ಟ ಚಟ ಇಲ್ಲ, ಆದ್ರೆ...”

ಕೈ ತಾನಾಗಿಯೇ ಫೋನ್ ಇಡಲು ಇಳಿಯಿತು. ಹೆಡ್ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. ಕೈ ಮತ್ತೆ ಕಿವಿಗೆ ಏರಿತು. ಕುರ್ಚಿಗೆ ಬಂದಾಗಿನಿಂದ ಮೊದಲ ಸಲ ದೂರಪ್ಪನವರು ‘ಆದ್ರೆ’ಯ ಆಚೆ ದಡ ಕಂಡರು! ಆ ದಡ ಬಹಳ ಉದ್ದವಿತ್ತು. ಮದುವೆಯಾದ ಹೊಸತರಲ್ಲಿ ಅರ್ಧಕ್ಕೆ ನಿಂತ ಮಾತುಗಳೂ ಅಲ್ಲಿ ಸಾಲಾಗಿ ಕಾದು ನಿಂತಿದ್ದವು. ಅವರು “ಹೂಂ ಮೇಡಂ, ಸರಿ ಮೇಡಂ, ಬರ್ಕೊಂಡೆ ಮೇಡಂ” ಎನ್ನುತ್ತಾ ಬೆವರು ಒರೆಸಿಕೊಂಡರು.

“ಕೊನೇದಾಗಿ,” ಎಂದಳು ಅವಳು, “ನನಗೆ ಶುಕ್ರವಾರದೊಳಗೆ ಮಿಷನ್ ಓಡ್ಬೇಕು. ಸಂಜೆ ಬರುವಾಗ ನನ್ನ ತಮ್ಮನ ಅಂಗಡಿಯಿಂದ ಆ ಅತ್ತರು ತನ್ನಿ.” ಅತ್ತ ಕಡೆ ಟಕ್ ಎಂದಿತು.

“ಏನಂತೆ ದೂರು?” ಎಂದರು ಹೆಡ್ ಗುಮಾಸ್ತರು.

“ತುಕ್ಕು ಸಾರ್. ಬಹಳ ಹಳೇದು.”

ಸಂಜೆ ಭಾವಮೈದುನ ಅದೇ ನಗುಮುಖದಿಂದ ಅದೇ ಬಾಟಲಿ ಕೊಟ್ಟ. ಅವನ ಕತ್ತು ಹಿಸುಕಬೇಕೆನ್ನಿಸಿದರೂ ದೂರಪ್ಪನವರು ಕೈ ಕಟ್ಟಿ ನಿಂತರು.

“ಬ್ರಷ್‌ನಲ್ಲಿ ತೆಳುವಾಗಿ ಹಚ್ಚಿ ಭಾವ, ಒರೆಸಿ, ಒಣಗಿಸಿ, ಎಣ್ಣೆ ಬಿಡಿ, ಆದ್ರೆ...” ಎಂದು ಅವನು ನಿಲ್ಲಿಸಿದ.

“ಆದ್ರೆ? ಆದ್ರೆ ಏನೋ? ಹೇಳೋ!”

“ಏನಿಲ್ಲ ಭಾವ. ಇದೀರೋ ಹೋದ್ರೋ ನೋಡ್ದೆ. ಕಿಟಕಿ ತೆಗೆದಿಡಿ.”

ಮುಂದಿನ ದಿನಗಳಲ್ಲಿ ಕಚೇರಿ ಬಿಟ್ಟ ಕೂಡಲೇ ದೂರಪ್ಪನವರು ಮಿಷನ್ನಿನ ಕೆಳಗೆ ಅಂಗಾತ ಮಲಗುತ್ತಿದ್ದರು. ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ತಿರುಪು ತಿರುಪನ್ನೂ ತಿಕ್ಕಿದರು. ಎಣ್ಣೆ ಕಣ್ಣಿಗೆ ತೊಟ್ಟಿಕ್ಕಿತು, ಬೆನ್ನು ಹಿಡಿದುಕೊಂಡಿತು. ಬೈಯಬೇಕೆನ್ನಿಸಿದಾಗಲೆಲ್ಲ ತಲೆಯ ಪಕ್ಕದಲ್ಲೇ ನಿಂತಿದ್ದವಳ ಪಾದಗಳು ಕಾಣುತ್ತಿದ್ದವು, ಬಾಯಿ ಮುಚ್ಚುತ್ತಿತ್ತು. ಕೊನೆಗೊಂದು ಸಂಜೆ ಚಕ್ರ ತಿರುಗಿತು. ಅವಳು ಹೊಸ ಸೂಜಿ ಹಾಕಿ, ಚಿಂದಿಯೊಂದರ ಮೇಲೆ ಓಡಿಸಿ ನೋಡಿದಳು. ಹೊಲಿಗೆ ಹಾಲಿನಷ್ಟು ಬಿಳಿಯಾಗಿತ್ತು. ಅವಳು ಮೊದಲ ಕೋಟನ್ನು ಎತ್ತಿಕೊಂಡಳು.

ದೂರಪ್ಪನವರು ಸೊಂಟ ಹಿಡಿದುಕೊಂಡು ಎದ್ದರು. ಎಣ್ಣೆಯ ಕೈಗಳನ್ನು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಇಷ್ಟು ವರ್ಷಗಳ ಸಂಸಾರದಲ್ಲಿ ಒಮ್ಮೆಯೂ ಆಡದ ಮಾತನ್ನು ಆಡಲು ಸಿದ್ಧರಾದರು.

“ನೋಡು, ನಂದೇ ತಪ್ಪು,” ಎಂದರು. “ಒಪ್ಕೋತೀನಿ. ನಿನ್ನ ಮಾತು ಕೇಳ್ಬೇಕಿತ್ತು. ಆದ್ರೆ...”

ಹೆಂಡತಿ ಮಿಷನ್ ತುಳಿದಳು. ಟಕಟಕಟಕಟಕ!