ಕೂಗಿ ಹೇಳಿ ಮಾಡಿಸಿದ ಫೌಲುಗಳು

ಬ್ಯಾಸ್ಕೆಟ್‌ಬಾಲ್ ನಲವತ್ತು ನಿಮಿಷದ ಆಟ. ಅದರಲ್ಲಿ ಮೂವತ್ತೊಂಬತ್ತು ನಿಮಿಷ ಹುಡುಗರು ಆಡುತ್ತಾರೆ, ಉಳಿದ ಒಂದು ನಿಮಿಷವನ್ನು ಕೋಚ್ ಆದವನು ಹೊರಗೆ ನಿಂತು ಕೆಡಿಸುತ್ತಾನೆ. ನನ್ನ ಕೈಗೆ ಸಿಕ್ಕ ಕೊನೆಯ ನಿಮಿಷಗಳಲ್ಲಿ ಒಂದಾದರೂ ಸುಸೂತ್ರವಾಗಿ ಮುಗಿದದ್ದು ನೆನಪಿಲ್ಲ.

ನಾನು ರಾಮನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಪಿ.ಡಿ., ಅಂದರೆ ಆಟದ ಮೇಷ್ಟ್ರು. ನಾನು ಕಲಿತಿದ್ದು ಗುಂಡು ಎಸೆತ. ಗುಂಡೂ ದುಂಡಗಿದೆ, ಚೆಂಡೂ ದುಂಡಗಿದೆ ಎಂಬ ಘನವಾದ ಕಾರಣಕ್ಕೆ ಬ್ಯಾಸ್ಕೆಟ್‌ಬಾಲ್ ತಂಡವನ್ನು ನನ್ನ ತಲೆಗೆ ಕಟ್ಟಿದರು. ನಾನೂ ಬಿಡಲಿಲ್ಲ. ಮೊಬೈಲಿನಲ್ಲಿ ಅಮೆರಿಕದ ಕಾಲೇಜುಗಳ ಆಟ ನೋಡಿ ನೋಡಿ ಒಂದು ವಿದ್ಯೆ ಕಲಿತುಬಿಟ್ಟೆ. ಸೋಲುತ್ತಿರುವ ತಂಡ ಕೊನೆಯಲ್ಲಿ ಬೇಕೆಂದೇ ಫೌಲ್ ಮಾಡಬೇಕು. ಫೌಲ್ ಆದ ಕೂಡಲೇ ಗಡಿಯಾರ ನಿಲ್ಲುತ್ತದೆ. ಎದುರಾಳಿ ಎರಡು ಫ್ರೀ ಥ್ರೋ ಹಾಕುತ್ತಾನೆ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಗೆರೆಯ ಹಿಂದೆ ನಿಂತು ಬುಟ್ಟಿಗೆ ಗುರಿಯಿಡುತ್ತಾನೆ, ಬಿದ್ದರೆ ತಲಾ ಒಂದು ಪಾಯಿಂಟು. ಆಮೇಲೆ ಚೆಂಡು ನಮಗೆ ಬರುತ್ತದೆ. ಅವನು ತಪ್ಪಿಸಿದಷ್ಟೂ ನಮಗೆ ಲಾಭ. ಅಮೆರಿಕದಲ್ಲಿ ಇದನ್ನು ತಂತ್ರ ಅನ್ನುತ್ತಾರಂತೆ. ನಮ್ಮ ಕಡೆ ಅದಕ್ಕೆ ಏನೇನು ಗತಿಯಾಯಿತು ಅನ್ನುವುದನ್ನು ಹೇಳುತ್ತೇನೆ ಕೇಳಿ.

ಗೆರೆ ಮುಟ್ಟಲಿಲ್ಲ

ಮೊದಲ ವರ್ಷದ ತಂಡದಲ್ಲಿ ಐದು ಜನ ಸೇರಿಸುವುದೇ ಕಷ್ಟವಾಯಿತು. ಕೂಟಗಲ್ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಕಬಡ್ಡಿಯಲ್ಲಿ ಎತ್ತಿದ ಕೈ. ಅವನನ್ನೂ ಅವನ ಇಬ್ಬರು ಗೆಳೆಯರನ್ನೂ ಎಳೆದು ತಂದು ಬನಿಯನ್ನು ತೊಡಿಸಿದೆ.

ಚನ್ನಪಟ್ಟಣದವರ ಮೇಲೆ ಆಟ. ನಾವು ಮೂರು ಪಾಯಿಂಟು ಹಿಂದೆ, ಅರ್ಧ ನಿಮಿಷ ಬಾಕಿ. ಟೈಮ್‌ಔಟ್ ತೆಗೆದುಕೊಂಡು ಫೌಲಿನ ಮಹತ್ವವನ್ನೆಲ್ಲ ವಿವರಿಸಿದೆ. ನಿಯಮ, ಗಡಿಯಾರ, ಸಂಭವನೀಯತೆ, ಎಲ್ಲ ಹೇಳಿದೆ. ಆ ಹುಡುಗ ತಾಳ್ಮೆಯಿಂದ ಕೇಳಿ, "ಅಂದ್ರೆ ಹಿಡ್ಕೋಬೇಕಾ ಸಾ?" ಅಂದ.

"ಹೂಂ ಕಣಪ್ಪ, ಹಿಡ್ಕೋ."

ಆಟ ಶುರುವಾಯಿತು. ಚೆಂಡು ಹಿಡಿದವನು ಇತ್ತ ತಿರುಗಿದ್ದೇ ತಡ, ನಮ್ಮವನು ನೆಲಕ್ಕೆ ಹಾರಿ ಅವನ ಪಾದ ಹಿಡಿದ. ಗೆಳೆಯರಿಬ್ಬರೂ ಓಡಿಬಂದು ಸೊಂಟಕ್ಕೊಬ್ಬ, ತೊಡೆಗೊಬ್ಬ ಬಿದ್ದರು. ಚೆಂಡು ಉರುಳಿಕೊಂಡು ಹೋಗಿ ಪ್ರೇಕ್ಷಕರ ಕಡೆ ಸೇರಿತು. ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ.

ರೆಫರಿ ಸೀಟಿ ಊದಿ ಊದಿ ಕೆಂಪಾದರು. ಫ್ರೀ ಥ್ರೋ ಅವರಿಗೆ, ಆಮೇಲೆ ಚೆಂಡೂ ಅವರಿಗೇ ಅಂತ ತೀರ್ಪು ಕೊಟ್ಟರು. ನಮ್ಮ ಹುಡುಗ ರಾಶಿಯ ಕೆಳಗಿನಿಂದಲೇ ಒಂದು ಬೆರಳು ಎತ್ತಿ ವಾದಕ್ಕೆ ನಿಂತ: "ಅದೆಂಗ್ ಸಾ? ಅವ್ನು ಗೆರೆ ಮುಟ್ಟೇ ಇಲ್ಲ, ಪಾಯಿಂಟು ನಮ್ದೇಯ!"

ಹದಿನಾಲ್ಕನೇ ನಂಬರ್

ಫೌಲ್ ಮಾಡುವುದಾದರೆ ಫ್ರೀ ಥ್ರೋ ಬಾರದವನಿಗೇ ಮಾಡಬೇಕು. ಇದು ತಂತ್ರದ ಎರಡನೇ ಪಾಠ. ಹಾಗಾಗಿ ಗೂಢಚಾರಿಕೆ ಶುರುಮಾಡಿದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಯಾವ ಕಾಲೇಜಿನ ಯಾವ ನಂಬರಿನವನು ಎಷ್ಟು ತಪ್ಪಿಸುತ್ತಾನೆ ಅಂತ ಬರೆಯತೊಡಗಿದೆ. ಕನಕಪುರದವರ ಹದಿನಾಲ್ಕನೇ ನಂಬರಿನ ಹುಡುಗನ ಮುಂದೆ ಕೆಂಪು ಶಾಯಿಯಲ್ಲಿ ನಕ್ಷತ್ರವನ್ನೇ ಹಾಕಿದ್ದೆ. ಅವನ ಚೆಂಡು ಬುಟ್ಟಿಯ ಮಾತಿರಲಿ, ಹಿಂದಿನ ಹಲಗೆಗೂ ತಾಗುತ್ತಿರಲಿಲ್ಲ.

ಮರುವರ್ಷ ಅವರದೇ ಅಂಗಳದಲ್ಲಿ ಆಟ. ಕೊನೆಯ ನಿಮಿಷ, ನಾವು ನಾಲ್ಕು ಪಾಯಿಂಟು ಹಿಂದೆ. ನಾನು ನಗುತ್ತಲೇ ಎದ್ದು ನಿಂತು, "ಹದಿನಾಲ್ಕು! ಹದಿನಾಲ್ಕಕ್ಕೇ ಮಾಡ್ರಿ!" ಅಂತ ಕೂಗಿದೆ. ಮಾಡಿದರು. ಅವನು ಎರಡೂ ಹಾಕಿದ. ಅದೃಷ್ಟ ಅಂದುಕೊಂಡೆ. ಮತ್ತೆ ಮಾಡಿಸಿದೆ. ಮತ್ತೆ ಎರಡು. ನಾಲ್ಕು ಸಲ ಮಾಡಿಸಿದೆ, ಎಂಟಕ್ಕೆ ಎಂಟೂ ಬಿತ್ತು. ಚೆಂಡು ರಿಂಗಿಗೆ ತಾಗಿದ ಸದ್ದೂ ಬರಲಿಲ್ಲ. ಅಷ್ಟಾದರೂ ನನಗೆ ಹುಡುಗನ ಮೇಲೆ ಅನುಮಾನ ಬಂತೇ ಹೊರತು ನೋಟ್‌ಬುಕ್ಕಿನ ಮೇಲೆ ಬರಲಿಲ್ಲ.

ಸೋತ ಮೇಲೆ ಅವರ ಮೇಷ್ಟ್ರ ಕೈ ಕುಲುಕಿ, "ಏನ್ ಸರ್, ಒಂದೇ ವರ್ಷದಲ್ಲಿ ಹುಡುಗನ್ನ ಹಿಂಗೆ ತಯಾರು ಮಾಡ್ಬಿಟ್ಟಿದೀರಿ!" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಹುಡುಗ? ಅವ್ನು ಆಗ್ಲೇ ಡಿಗ್ರಿ ಮುಗಿಸ್ಕೊಂಡು ಹೋದ್ನಲ್ಲ. ಜರ್ಸಿ ಕಾಲೇಜಿಂದು ಸರ್, ಅದಿನ್ನೂ ಪಾಸಾಗಿಲ್ಲ," ಅಂದರು.

ಸಮಜಾಯಿಷಿ

ಒಂದು ವರ್ಷ ಟೂರ್ನಮೆಂಟು ನಮ್ಮ ಕಾಲೇಜಿನಲ್ಲೇ ನಡೆಯಿತು. ಶಾಮಿಯಾನ, ಮೈಕು, ಪೋಷಕರು, ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಅತಿಥಿಗಳು. ಅವರ ಮಧ್ಯೆ ನಮ್ಮ ಪ್ರಿನ್ಸಿಪಾಲರು. ಕೊನೆಯ ಗಳಿಗೆಯಲ್ಲಿ ನಾನು ಜಗತ್ತನ್ನೇ ಮರೆತು, "ಫೌಲ್ ಮಾಡ್ರೋ! ಬೇಗ ಮಾಡ್ರೋ! ಇನ್ನೊಂದು ಮಾಡ್ರೋ!" ಅಂತ ಗಂಟಲು ಹರಿಯುವಂತೆ ಅರಚಿದೆ.

ಮಾರನೆಯ ಬೆಳಗ್ಗೆ ಮೆಮೊ ಬಂತು. "ಗಣ್ಯರು ಹಾಗೂ ಪೋಷಕರ ಸಮ್ಮುಖದಲ್ಲಿ ತಾವು ವಿದ್ಯಾರ್ಥಿಗಳನ್ನು ತಪ್ಪು ಮಾಡುವಂತೆ ಬಹಿರಂಗವಾಗಿ ಪ್ರಚೋದಿಸಿರುವುದು ಗಮನಕ್ಕೆ ಬಂದಿರುತ್ತದೆ. ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು."

ನಾಲ್ಕು ಹಾಳೆ ಸಮಜಾಯಿಷಿ ಬರೆದೆ, ಚಿತ್ರ ಸಮೇತ. ಪ್ರಿನ್ಸಿಪಾಲರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ಅಂದ್ರೆ, ರೂಲ್ಸ್ ಒಳಗೇ ತಪ್ಪು ಮಾಡೋಕೆ ಅವಕಾಶ ಇದೆ ಅಂತೀರಿ?"

"ಹೌದು ಸರ್."

"ಮಾಡಿದ್ರೆ ಸಣ್ಣ ಶಿಕ್ಷೆ, ಆದ್ರೆ ಒಟ್ಟಿನಲ್ಲಿ ಲಾಭ?"

"ಲೆಕ್ಕಾಚಾರ ಸರಿಯಿದ್ರೆ ಲಾಭ ಸರ್."

ಅವರು ಫೈಲು ಮುಚ್ಚಿ ಕಿಟಕಿಯ ಕಡೆ ನೋಡಿದರು. "ಅದೆಲ್ಲ ನಂಗೂ ಅರ್ಥ ಆಗುತ್ತೆ ರೀ. ಮೂವತ್ತು ವರ್ಷ ಸರ್ವಿಸ್ ಮಾಡಿದೀನಿ. ಆದ್ರೆ ಯಾರೂ ಹೀಗೆ ಕೂಗಿ ಹೇಳಿ ಮಾಡಿಸಿದ್ದನ್ನ ನಾನು ನೋಡಿರ್ಲಿಲ್ಲ."

ಕೆಂಗಲ್ಲಿನಲ್ಲಿ

ಚನ್ನಪಟ್ಟಣಕ್ಕೆ ಆಡಲು ಹೋಗುವಾಗ ಕೆಂಗಲ್ ಆಂಜನೇಯನಿಗೆ ಕೈಮುಗಿದೇ ಹೋಗಬೇಕೆಂದು ಹುಡುಗರು ಹಟ ಹಿಡಿದರು. ವ್ಯಾನು ನಿಲ್ಲಿಸಿದೆವು. ಅರ್ಚಕರು ಏನು ಸಂಕಲ್ಪ ಅಂತ ಕೇಳಿದರು. ನಮ್ಮ ಕ್ಯಾಪ್ಟನ್ನು ನನ್ನ ಪಾಠವನ್ನು ಚೆನ್ನಾಗಿ ಅರೆದು ಕುಡಿದಿದ್ದ. "ಕೊನೇಲಿ ನಾವು ಫೌಲ್ ಮಾಡ್ತೀವಿ ಸ್ವಾಮಿ. ಅವ್ರ ಫ್ರೀ ಥ್ರೋ ಒಂದೂ ಬೀಳ್ಬಾರ್ದು," ಅಂದ.

ಅರ್ಚಕರು ಹೇಳಿದರು: "ಬೆಳಿಗ್ಗೆ ಇನ್ನೊಂದು ಗುಂಪಿನ ಹುಡುಗ್ರು ಬಂದಿದ್ರು. ಅವ್ರೂ ಇದನ್ನೇ ಕೇಳ್ಕೊಂಡ್ರಲ್ಲಪ್ಪ."

ಆವತ್ತು ಆಟದಲ್ಲಿ ಎರಡೂ ಕಡೆಯಿಂದ ಹನ್ನೊಂದು ಫ್ರೀ ಥ್ರೋ. ಒಂದೇ ಒಂದೂ ಬೀಳಲಿಲ್ಲ. ರೆಫರಿ ಬೇಸತ್ತು ರಿಂಗಿನ ಅಳತೆ ನೋಡಿಸಿದರು. ದೇವರು ಯಾರ ಪಕ್ಷವನ್ನೂ ವಹಿಸದೆ, ಕೇಳಿದ್ದನ್ನು ಕೇಳಿದ ಹಾಗೇ ನಡೆಸಿಕೊಟ್ಟಿದ್ದ. ಎರಡು ಪಾಯಿಂಟಿನಲ್ಲಿ ಸೋತು ವಾಪಸಾಗುವಾಗ ಕ್ಯಾಪ್ಟನ್ನು ತಲೆ ಚಚ್ಚಿಕೊಂಡ: "ನಮ್ದು ಬೀಳ್ಲಿ ಅಂತ ಕೇಳ್ಕಳದೇ ಮರ್ತೋಯ್ತು ಸಾ!"

ಮಾಗಡಿಯ ಏಳು ಸೆಕೆಂಡು

ಇನ್ನು ಹುಡುಗಿಯರ ತಂಡದ ವಿಷಯ. ಅವರು ಸತತವಾಗಿ ಸೋತದ್ದರಿಂದ ಸ್ಟಾಫ್ ಮೀಟಿಂಗಿನಲ್ಲಿ ಒಂದು ಉದಾತ್ತ ಸಲಹೆ ಬಂದಿತ್ತು. ಈ ಸಲವೂ ಸೋತರೆ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ತಗಡು ಹೊದಿಸಿ ಅಧ್ಯಾಪಕರ ಕಾರು ನಿಲ್ಲಿಸುವುದು. ಹುಡುಗಿಯರಿಗೆ ಅದು ಗೊತ್ತಾಗಿ, ಎರಡು ತಿಂಗಳು ಬೆಳಿಗ್ಗೆ ಆರಕ್ಕೇ ಬಂದು ಮೈಮುರಿದು ಆಡಿದ್ದರು. ಹಾಗಾಗಿ ಟೂರ್ನಮೆಂಟಿಗೆಂದು ಮಾಗಡಿಗೆ ಹೊರಟಾಗ ಈ ಸಲ ಸೋಲಬಾರದು ಅಂತ ನನಗೂ ಇತ್ತು.

ಎದುರಿಗೆ ಚನ್ನಪಟ್ಟಣದ ಹುಡುಗಿಯರು. ಏಳು ಸೆಕೆಂಡು ಬಾಕಿ ಇದ್ದಾಗ ನಾವು ಮೂರು ಪಾಯಿಂಟು ಮುಂದೆ! ಚೆಂಡು ಮಾತ್ರ ಅವರದು. ದೂರದ ಗೆರೆಯಾಚೆಯಿಂದ ಹಾಕಿದರೆ ಮೂರು ಪಾಯಿಂಟು, ಆಟ ಸಮ. ಅದಕ್ಕೆ ಮೊದಲೇ ನಾವು ಫೌಲ್ ಮಾಡಿದರೆ ಅವರಿಗೆ ಸಿಗುವುದು ಎರಡೇ ಫ್ರೀ ಥ್ರೋ, ಎರಡೂ ಬಿದ್ದರೂ ನಾವಿನ್ನೂ ಒಂದು ಮುಂದೆ. ನಾನು ಟೈಮ್‌ಔಟ್ ಕೇಳಿದೆ.

ತಂಡದ ಜೊತೆ ಬಂದಿದ್ದ ಇಂಗ್ಲಿಷ್ ಮೇಡಂ, "ಗೆಲ್ತಿರೋವಾಗ ಯಾಕ್ರೀ ಫೌಲು? ಸುಮ್ನೆ ಕೈ ಕಟ್ಕೊಂಡು ನಿಂತ್ಕೊಂಡ್ರೆ ಆಗಲ್ವಾ?" ಅಂದರು.

"ಇದೆಲ್ಲ ತಂತ್ರ ಮೇಡಂ, ನಿಮಗೆ ಗೊತ್ತಾಗಲ್ಲ," ಅಂದೆ, ಹಿಂದಿನ ಅಷ್ಟೂ ಗೆಲುವುಗಳ ಬಲದಿಂದ.

ಫೌಲಿನ ಹೊಣೆಯನ್ನು ಹೊಂಗನೂರಿನ ಹುಡುಗಿಗೆ ಕೊಟ್ಟೆ. ಅವಳಷ್ಟು ಚುರುಕಾಗಿ ಓಡುವವರು ಇರಲಿಲ್ಲ. ಮಾತು ಮೆತ್ತಗೆ, ಸ್ವಭಾವ ಅದಕ್ಕಿಂತ ಮೆತ್ತಗೆ. ನನಗೆ ಗೊತ್ತಿಲ್ಲದ ಒಂದು ಸಂಗತಿ ಏನೆಂದರೆ, ಚೆಂಡು ತರಲಿದ್ದ ಆ ಕಡೆಯ ಹುಡುಗಿಯೂ ಹೊಂಗನೂರಿನವಳೇ. ಪಕ್ಕದ ಬೀದಿ, ದಿನಾ ಚನ್ನಪಟ್ಟಣದವರೆಗೆ ಒಂದೇ ಬಸ್ಸು.

ಸೀಟಿ ಆಯಿತು. ಆ ಹುಡುಗಿ ಚೆಂಡು ಪುಟಿಸುತ್ತ ನಮ್ಮ ಬೆಂಚಿನ ಮುಂದೆಯೇ ನುಗ್ಗಿದಳು. ನಮ್ಮವಳು ಮಿಂಚಿನಂತೆ ಅವಳ ಪಕ್ಕಕ್ಕೆ ಬಂದು ಹೇಳಿದಳು:

"ಅಕ್ಕಾ, ಒಸಿ ನಿಂತ್ಕಳಿ."

ಆ ಹುಡುಗಿ ಚೆಂಡು ಹಿಡಿದು ನಿಂತೇಬಿಟ್ಟಳು! "ಏನೇ?"

"ನಮ್ಮ ಸಾ ನಿಮ್ಗೆ ಫೌಲ್ ಮಾಡು ಅಂದವ್ರೆ. ಬಲಗೈ ಹಿಡ್ಕಳ್ಲಾ?"

"ಬಲಗೈ ಬ್ಯಾಡ ಕಣೇ, ನೆನ್ನೆ ಉಳುಕ್ಬುಟ್ಟೈತೆ."

"ಎಡಗೈಯಾ?"

"ಯಾಕೆ ಸುಮ್ಕೆ..."

ಅಷ್ಟರಲ್ಲಿ ಕೊನೆಯ ಗಂಟೆ ಹೊಡೆಯಿತು. ಆಟ ಮುಗಿದಿತ್ತು. ನಾವು ಗೆದ್ದಿದ್ದೆವು.

ಚನ್ನಪಟ್ಟಣದ ಕೋಚ್ ಮೇಡಂ ರೆಫರಿಯ ಬಳಿ ಓಡಿದರು. "ಮಾತಾಡ್ಸಿ ಟೈಮ್ ಕಳೆದ್ಬಿಟ್ಳು ಸರ್!" ರೆಫರಿ ತುಂಬಾ ಹೊತ್ತು ಗಲ್ಲ ಕೆರೆದುಕೊಂಡು, "ಯೋಗಕ್ಷೇಮ ವಿಚಾರಿಸಿದ್ರೆ ಫೌಲ್ ಕೊಡೋಕೆ ನಂಗೆ ಅಧಿಕಾರ ಇಲ್ಲ ಮೇಡಂ," ಅಂದರು. ನಮ್ಮ ಹುಡುಗಿಯರು ಅಳುತ್ತ ನಗುತ್ತ ಒಬ್ಬರನ್ನೊಬ್ಬರು ಎತ್ತಿ ಕುಣಿದರು. ಮಾಗಡಿಯ ಪಿ.ಡಿ. ಬಂದು ನನ್ನ ಬೆನ್ನು ತಟ್ಟಿ, "ಇಂಥ ತಂತ್ರ ಎಲ್ಲೂ ನೋಡಿಲ್ಲ ಸರ್, ಎಲ್ಲಿ ಕಲಿತ್ರಿ?" ಅಂದರು. ವರ್ಷಗಟ್ಟಲೆ ಅಭ್ಯಾಸ ಸರ್ ಅಂತ ನಾನು ವಿನಯದಿಂದ ತಲೆ ತಗ್ಗಿಸಿದೆ.

ಗಲಾಟೆಯೆಲ್ಲ ತಣ್ಣಗಾದ ಮೇಲೆ ಆ ಹುಡುಗಿಯನ್ನು ಪಕ್ಕಕ್ಕೆ ಕರೆದೆ.

"ಗೆದ್ದಿದ್ದೇನೋ ಸರಿ ಕಣಮ್ಮ. ಆದ್ರೆ ನಾನು ಅಷ್ಟು ಹೇಳಿದ್ರೂ ಫೌಲ್ ಯಾಕ್ ಮಾಡ್ಲಿಲ್ಲ?"

ಅವಳು ಮುಖ ಸಪ್ಪಗೆ ಮಾಡಿಕೊಂಡು ಹೇಳಿದಳು:

"ಮಾಡವಾ ಅಂತ್ಲೇ ಹೋಗಿದ್ದೆ ಸಾ. ಆವಕ್ಕನೇ ಒಪ್ಪಲಿಲ್ಲ."